ಪುಟಾಣಿ ಕಪ್ಪೆಗಳ ಗುರುತಿಗೆ: ಕೂಗೋ, ಡಿಎನ್‌ಎಯೋ?

ಕಪ್ಪೆ ಗುರುತಿಸುವುದನ್ನು ಈಗಷ್ಟೇ ಶುರುಮಾಡುವವರು ಮೊದಲು ಕೂಗು ಹಿಡಿಯುವ ರೆಕಾರ್ಡರ್ ಕೊಳ್ಳಿ. ಪಪುವಾ ನ್ಯೂಗಿನಿಯ ಪೀಡೋಫ್ರಿನ್ ಅಮಾವುಯೆನ್ಸಿಸ್ ಸರಾಸರಿ 7.7 ಮಿ.ಮೀ. ಉದ್ದ, ಕಣ್ಣಿಗಿಂತ ಮೊದಲು ಕಿವಿಗೆ ಬಿದ್ದ ಕಪ್ಪೆ. ಥೇಟ್ ಹುಳುವಿನ ಚಿರ್‌ಚಿರ್! ಸದ್ದು ಬಂದ ಕಡೆಯ ತರಗೆಲೆಯನ್ನೇ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒಂದೊಂದೇ ಎಲೆ ಸರಿಸುತ್ತ ಹೋದಾಗ ಅದು ಟಣ್ಣನೆ ಹಾರಿತು. 2012ರಲ್ಲಿ ಹೆಸರಿಟ್ಟರು. ಕೂಗಿನ ದಾರಿಗೆ ಖರ್ಚು ಕಡಿಮೆ, ನಿಜ. ಆದರೆ ಕೂಗುವುದು ಹೆಚ್ಚಾಗಿ ಗಂಡು, ಅದೂ ಬೆದೆಯ ಕಾಲದಲ್ಲಿ.

ಡಿಎನ್‌ಎಗೆ ಆ ಹಂಗಿಲ್ಲ, ಹೆಣ್ಣಾದರೂ ಸರಿ, ಮರಿಯಾದರೂ ಸರಿ. ಅವಳಿಜವಳಿಯಂತಿರುವ ಪ್ರಭೇದಗಳನ್ನು ಬಿಡಿಸಲು ಇದೇ ವಾಸಿ. ಲ್ಯಾಬು, ಅರಣ್ಯ ಇಲಾಖೆಯ ಅನುಮತಿ ಮಾತ್ರ ತಪ್ಪದು.

ಹೊಸ ಪ್ರಭೇದವೆಂದು ಬರೆಯುವುದೇ ಆದರೆ ಒಂದನ್ನೇ ನೆಚ್ಚಬೇಡಿ. 2017ರಲ್ಲಿ ಪಶ್ಚಿಮ ಘಟ್ಟದ ಏಳು ಇರುಳುಗಪ್ಪೆಗಳಿಗೆ ಕಪ್ಪೆತಜ್ಞ ಎಸ್.ಡಿ. ಬಿಜು ಅವರ ತಂಡ ಡಿಎನ್‌ಎ, ದೇಹರಚನೆ, ಕೂಗು ಮೂರನ್ನೂ ಒರೆಗೆ ಹಚ್ಚಿತ್ತು.