ಸರಸ್ವತಿಪುರಂನ ಭಾನುವಾರದ ಮಾತಿನ ತರಗತಿ: ಕೊನೆಯ ಸಾಲನ್ನೇ ಮೊದಲು ಬರೆಸುತ್ತಾರೆ

ಮೈಸೂರಿನಲ್ಲಿ ಮಾತಾಡುವುದನ್ನು ಕಲಿಸುವ ತರಗತಿಗಳಿಗೆ ಬರವಿಲ್ಲ. ಕುವೆಂಪುನಗರದಿಂದ ವಿಜಯನಗರದವರೆಗೆ ಎಲ್ಲಿ ನೋಡಿದರೂ ಬೋರ್ಡು. ಸ್ಪೋಕನ್ ಇಂಗ್ಲಿಷ್, ಪರ್ಸನಾಲಿಟಿ ಡೆವಲಪ್‌ಮೆಂಟ್, ಸಭಾಕಂಪನಕ್ಕೆ ಪರಿಹಾರ. ನಾನು ಹೇಳುತ್ತಿರುವ ತರಗತಿಗೆ ಬೋರ್ಡೇ ಇಲ್ಲ. ಸರಸ್ವತಿಪುರಂನ ಒಳರಸ್ತೆಯಲ್ಲಿ, ಒಂದು ಮನೆಯ ಮಹಡಿ ಮೇಲೆ, ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ ನಡೆಯುತ್ತದೆ. ನಡೆಸುವವರು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಡಂ. ಪ್ರಚಾರ ಬೇಡಪ್ಪ ಅಂದಿದ್ದಾರೆ, ಹಾಗಾಗಿ ಹೆಸರು ಬರೆಯುವುದಿಲ್ಲ. ತರಗತಿ ಹೇಗಿದೆ ಅಂತ ಬರೆಯೋಕೆ ಅವರ ಅಡ್ಡಿಯಿಲ್ಲ.

ನಾನು ಮಂಡ್ಯದ ಕಡೆಯವನು. ರೈತ ಉತ್ಪಾದಕ ಕಂಪನಿಯಲ್ಲಿ ಕೆಲಸ. ವಾರದಲ್ಲಿ ಎರಡು ಮೂರು ದಿನ ಯಾವುದಾದರೂ ಊರಿನ ಡೇರಿ ಮುಂದೆ, ಇಲ್ಲ ಸೊಸೈಟಿ ಕಟ್ಟಡದಲ್ಲಿ ರೈತರನ್ನು ಸೇರಿಸಿ ಕಬ್ಬಿನ ವಿಷಯ ಮಾತಾಡಬೇಕು. ಆಗಾಗ ಬ್ಯಾಂಕಿನವರ ಮುಂದೆ, ಇಲಾಖೆಯವರ ಮುಂದೆ ಪ್ರೆಸೆಂಟೇಷನ್ ಕೊಡಬೇಕು. ನನಗೆ ಬೇಕಾಗಿದ್ದದ್ದು ಧೈರ್ಯ ತುಂಬುವ ಮಾತಲ್ಲ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಆಮೇಲೆ, ಯಾವುದನ್ನು ಬಿಡಬೇಕು ಅನ್ನೋದು. ಈ ತರಗತಿ ಅದನ್ನೇ ಕಲಿಸುತ್ತದೆ, ಅದೂ ಪೂರ್ತಿ ಕನ್ನಡದಲ್ಲಿ.

ಮೊದಲ ದಿನ ಎಲ್ಲರ ಕೈಗೂ ಒಂದೊಂದು ಪೋಸ್ಟ್‌ಕಾರ್ಡ್ ಕೊಡುತ್ತಾರೆ. ಅಂಚೆ ಕಚೇರಿಯ ಅದೇ ಐವತ್ತು ಪೈಸೆ ಕಾರ್ಡು. ವಿಳಾಸ ಬರೆಯುವ ಜಾಗದಲ್ಲಿ ನಿಮ್ಮ ಮಾತು ಕೇಳುವವರು ಯಾರು ಅಂತ ಬರೆಯಬೇಕು. ಸುಮ್ನೆ ‘ರೈತರು’ ಅಂದರೆ ಒಪ್ಪುವುದಿಲ್ಲ. ‘ಯಾವ ರೈತರು? ಎಷ್ಟು ಜಮೀನು? ಈಗ ಅವರ ಹೊಲದಲ್ಲಿ ಏನಿದೆ?’ ಅಂತ ಕೇಳುತ್ತಾರೆ. ಇನ್ನೊಂದು ಬದಿಯಲ್ಲಿ ಒಂದೇ ವಾಕ್ಯ: ಮಾತು ಮುಗಿದ ಮೇಲೆ ಅವರು ಏನು ಮಾಡಬೇಕು?

ನಮ್ಮ ಬ್ಯಾಚಿನಲ್ಲಿ ಸುಮಾರು ಜನ ‘ಅರಿವು ಮೂಡಿಸುವುದು’ ಅಂತ ಬರೆದಿದ್ದರು. ಆ ಕಾರ್ಡುಗಳೆಲ್ಲ ವಾಪಸ್ ಬಂದವು. ‘ಅರಿವು ಮೂಡಿದವರು ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡ್ತಾರೋ ಅದನ್ನ ಬರೀರಿ’ ಅಂದರು ಮೇಡಂ. ಈ ಒಂದು ಪ್ರಶ್ನೆಗೆ ಇಡೀ ಬೆಳಿಗ್ಗೆ ಹೋಯಿತು. ಹೋದದ್ದು ಸಾರ್ಥಕ.

ನನ್ನ ಕಾರ್ಡು ಕೊನೆಗೆ ನಿಂತದ್ದು ಹೀಗೆ. ವಿಳಾಸದ ಕಡೆ: ಎರಡು ಎಕರೆ ಒಳಗಿನ, ಕೂಳೆ ಕಬ್ಬು (ಕಡಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆ) ಬಿಡುವ ರೈತರು. ಇನ್ನೊಂದು ಕಡೆ: ‘ಈ ಸಲ ಕಟಾವಾದ ಮೇಲೆ ಅರ್ಧ ಎಕರೆಯಲ್ಲಾದರೂ ತರಗಿಗೆ (ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ) ಬೆಂಕಿ ಹಾಕದೆ, ಸಾಲು ಬಿಟ್ಟು ಸಾಲಿಗೆ ಹಾಸಿ.’

ಈ ವಾಕ್ಯವೇ ಭಾಷಣದ ಕೊನೆಯ ಸಾಲು. ಮೊದಲು ಅದನ್ನು ಬರೆಸುತ್ತಾರೆ. ಆಮೇಲೆ ನಡುವಿನ ಭಾಗ. ಶುರು ಮಾಡುವ ಸಾಲನ್ನು ಎಲ್ಲಕ್ಕಿಂತ ಕೊನೆಗೆ ಬರೆಸುತ್ತಾರೆ. ಇದಕ್ಕೆ ಅವರು ಕೊಡುವ ಕಾರಣ ಸರಿಯಾಗಿದೆ. ಕೇಳಿದ್ದರಲ್ಲಿ ಮೊದಲಿನದು, ಕೊನೆಯದು ಜಾಸ್ತಿ ನೆನಪಿರುತ್ತದೆ, ನಡುವಿನದು ಜಾರಿಹೋಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 19ನೇ ಶತಮಾನದಲ್ಲೇ ನೆನಪಿನ ಮೇಲೆ ಪ್ರಯೋಗ ಮಾಡಿ ಇದನ್ನು ಗಮನಿಸಿದ್ದರು. ನಮ್ಮ ಕಡೆ ಸಭೆಗಳಲ್ಲಿ ಈ ಎರಡೂ ಜಾಗಗಳನ್ನು ಯಾವುದಕ್ಕೆ ಕೊಡುತ್ತೇವೆ ನೋಡಿ. ಶುರುವಿನಲ್ಲಿ ವೇದಿಕೆ ಮೇಲೆ ಕೂತವರ ಹೆಸರು, ಹುದ್ದೆ, ಒಬ್ಬರೂ ಬಿಟ್ಟುಹೋಗಬಾರದು. ಕೊನೆಯಲ್ಲಿ ‘ಅವಕಾಶ ಕೊಟ್ಟವರಿಗೆ ವಂದಿಸುತ್ತಾ ನನ್ನ ಎರಡು ಮಾತು ಮುಗಿಸುತ್ತೇನೆ’. ಜನರ ಕಿವಿ ತೆರೆದಿರುವ ಹೊತ್ತೆಲ್ಲ ಹೀಗೆ ಖರ್ಚಾಗುತ್ತದೆ. ಗೌರವ ಕೊಡಬೇಡಿ ಅಂತ ಮೇಡಂ ಹೇಳುವುದಿಲ್ಲ. ವಿಷಯದ ಸಾಲನ್ನು ಮೊದಲು ಹೇಳಿ, ಆಮೇಲೆ ‘ಎಲ್ಲರಿಗೂ ನಮಸ್ಕಾರ’ ಅನ್ನಿ ಅನ್ನುತ್ತಾರೆ. ಹೆಸರು ಹೇಳಲೇಬೇಕಾದ ಸಭೆಯಾದರೆ ಒಂದೇ ಉಸಿರಿನಲ್ಲಿ ಮುಗಿಸಿ ಅನ್ನುತ್ತಾರೆ.

ನಡುವಿನ ಭಾಗಕ್ಕೆ ಅವರು ಒಂದು ಹಳೆಯ ಕ್ರಮವನ್ನು ತೆಗೆದುಕೊಂಡಿದ್ದಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ಹಾಕಿಕೊಟ್ಟ ಐದು ಮೆಟ್ಟಿಲಿನ ಕ್ರಮ ಅದು. ಗಮನ ಸೆಳೆಯುವುದು, ತೊಂದರೆ ತೋರಿಸುವುದು, ದಾರಿ ಹೇಳುವುದು, ಆ ದಾರಿಯಲ್ಲಿ ಹೋದರೆ ಏನಾಗುತ್ತದೆ ಅಂತ ಕಣ್ಣಿಗೆ ಕಟ್ಟುವುದು, ಕೊನೆಗೆ ಏನು ಮಾಡಬೇಕು ಅನ್ನುವುದು. ಪುಸ್ತಕದಲ್ಲಿ ಓದಿದರೆ ಒಣಕಲು ಅನಿಸುತ್ತದೆ. ನಮ್ಮ ವಿಷಯವನ್ನು ಅದರೊಳಗೆ ಕೂರಿಸಿದಾಗ ಅದರ ಬೆಲೆ ತಿಳಿಯುವುದು.

ತರಗಿನ ಮಾತನ್ನು ಅಲ್ಲೇ ಕಟ್ಟಿದೆವು. ಮೊದಲ ಸಾಲು ಹೀಗೆ ಬಂತು: ‘124.80. ಕಟ್ಟೆ ತುಂಬಿದರೆ ಇಷ್ಟು ಅಡಿ. ಕಟ್ಟೆ ನೀರು ನಮ್ಮ ಕೈಲಿಲ್ಲ. ಗದ್ದೆಯ ತೇವ ನಮ್ಮ ಕೈಲಿದೆ.’ ಮಂಡ್ಯದಲ್ಲಿ ಕನ್ನಂಬಾಡಿ ಅಣೆಕಟ್ಟಿನ (ಕೆಆರ್‌ಎಸ್) ಈ ಸಂಖ್ಯೆ ಹೇಳಿದರೆ ಬೀಡಿ ಸೇದುತ್ತಾ ಆಚೆ ನಿಂತವರೂ ಒಳಗೆ ಬರುತ್ತಾರೆ. ಆಮೇಲೆ ತೊಂದರೆ. ತರಗು ಸುಟ್ಟರೆ ಅದರಲ್ಲಿದ್ದ ಸಾರಜನಕ, ಮಣ್ಣಿಗೆ ಸೇರಬೇಕಾದ ಸಾವಯವ ಅಂಶ ಹೊಗೆಯಲ್ಲಿ ಹೋಗುತ್ತದೆ, ಬರಿಮಣ್ಣು ಬಿಸಿಲಿಗೆ ಬೇಗ ಒಣಗುತ್ತದೆ. ದಾರಿ: ಬುಡ ಸವರಿದ ಮೇಲೆ ಒಂದು ಸಾಲಿಗೆ ತರಗು ಹಾಸಿ, ಪಕ್ಕದ ಸಾಲು ಖಾಲಿ ಬಿಟ್ಟು ಅದರಲ್ಲಿ ನೀರು ಹಾಯಿಸುವುದು. ಕಣ್ಣಿಗೆ ಕಟ್ಟುವುದಕ್ಕೆ ಚಾರ್ಟ್ ತೋರಿಸಬೇಡಿ ಅಂದರು ಮೇಡಂ. ತರಗಿನ ಅಡಿಯ ಒಂದು ಹಿಡಿ ಮಣ್ಣು, ಸುಟ್ಟ ಜಾಗದ ಒಂದು ಹಿಡಿ ಮಣ್ಣು, ಎರಡನ್ನೂ ಎರಡು ಕವರಿನಲ್ಲಿ ತಗೊಂಡು ಹೋಗಿ, ಕೈಯಿಂದ ಕೈಗೆ ದಾಟಿಸಿ ಅಂದರು.

ಆಮೇಲೆ ಪಾಂಡವಪುರದ ಕಡೆಯ ಒಂದು ಊರಿನಲ್ಲಿ ಹೀಗೇ ಮಾಡಿದೆ. ಮಣ್ಣು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಒಬ್ಬ ಹಿರಿಯರು ಎದ್ದರು. ‘ಅಲ್ಲ ಸಾರ್, ತರಗು ಬುಟ್ರೆ ಇಲಿ ಸೇರ್ಕತವೆ. ನೀರೂ ಹರಿಯಾಕಿಲ್ಲ.’ ಈ ಪ್ರಶ್ನೆ ಬರುತ್ತೆ ಅಂತ ತರಗತಿಯಲ್ಲೇ ಗುರುತು ಹಾಕಿಕೊಂಡಿದ್ದೆವು. ಹೌದು ಯಜಮಾನ್ರೇ, ಎಲ್ಲಾ ಸಾಲಿಗೂ ಹಾಸಿದರೆ ನೀರು ನಿಲ್ಲುತ್ತೆ, ಅದಕ್ಕೇ ಸಾಲು ಬಿಟ್ಟು ಸಾಲು ಅಂದೆ. ಇಲಿ ಕಾಟ ಇರುವ ಗದ್ದೆಯಾದರೆ ಮೊದಲು ಬದು ಸ್ವಚ್ಛ ಮಾಡಿಕೊಳ್ಳಿ, ಅರ್ಧ ಎಕರೆಯಲ್ಲಿ ಮಾತ್ರ ಮಾಡಿ ನೋಡಿ ಅಂದೆ. ಅವರು ಮಣ್ಣನ್ನು ಇನ್ನೊಂದು ಸಲ ಹಿಸುಕಿ ನೋಡಿದರು. ‘ಅರ್ಧ ಎಕ್ರೆ ಅಂದ್ರೆ ನೋಡವ’ ಅಂದರು. ಕಾರ್ಡಿನಲ್ಲಿ ‘ಅರ್ಧ ಎಕರೆ’ ಅಂತ ಬರೆದಿದ್ದಕ್ಕೇ ಈ ಉತ್ತರ ಬಂತು ಅಂತ ನನ್ನ ನಂಬಿಕೆ. ಪೂರ್ತಿ ಗದ್ದೆ ಅಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೇ ಭಾನುವಾರದ ವಿಷಯ ಕೊಂಡಿಗಳು. ಓದುವವರು ಬೇಕಾದರೆ ಪುಟ ತಿರುಗಿಸಿ ಹಿಂದಕ್ಕೆ ಹೋಗಬಹುದು. ಕೇಳುವವರಿಗೆ ಆ ಅನುಕೂಲ ಇಲ್ಲ. ಅದಕ್ಕೇ ‘ಇಷ್ಟು ಆಯಿತು, ಇನ್ನು ಇದು’ ಅಂತ ಬಾಯಿಬಿಟ್ಟು ಹೇಳಬೇಕು. ಗಮಕದಲ್ಲಿ ವ್ಯಾಖ್ಯಾನ ಮಾಡುವವರು ಮುಂದಿನ ಪದ್ಯಕ್ಕೆ ಮೊದಲು ಕಥೆ ಎಲ್ಲಿಗೆ ಬಂದು ನಿಂತಿದೆ ಅಂತ ನೆನಪಿಸುತ್ತಾರಲ್ಲ, ಅದನ್ನೇ ಮಾಡಿ ಅಂತ ಮೇಡಂ ಹೇಳಿದರು. ಮೂರು ವಿಷಯ ಅಂತ ಹೇಳಿದರೆ ಮೂರೇ ಇರಬೇಕು. ‘ಕೊನೆಯದಾಗಿ’ ಅನ್ನುವ ಪದ ಒಂದು ಭಾಷಣದಲ್ಲಿ ಒಂದೇ ಸಲ ಬರಬೇಕು. ಆ ಪದ ಕೇಳಿದ ತಕ್ಷಣ ಜನ ಚಪ್ಪಲಿ ಹುಡುಕುತ್ತಾರೆ, ಆಮೇಲೆ ಹೇಳಿದ್ದು ಗಾಳಿಗೆ.

ಸಮಯದ ಪಾಠ ನನಗೆ ಬಹಳ ಹಿಡಿಸಿತು. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಅನ್ನುವ ಭಾಷಣ ಅಭ್ಯಾಸದ ಕೂಟಗಳಲ್ಲಿ ಐದರಿಂದ ಏಳು ನಿಮಿಷದ ಭಾಷಣಕ್ಕೆ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ತೋರಿಸುವ ಪದ್ಧತಿ ಇದೆ. ಇಲ್ಲಿ ಬಣ್ಣದ ಫೈಲುಗಳನ್ನು ಎತ್ತಿ ಹಿಡಿಯುತ್ತಾರೆ. ಇಷ್ಟಾದರೆ ದೊಡ್ಡ ವಿಷಯವೇನಲ್ಲ. ಮೇಡಂ ಇದಕ್ಕೆ ಸೇರಿಸಿರುವ ಅಭ್ಯಾಸ ನಮ್ಮ ಊರಿಗೆ ಹೇಳಿಮಾಡಿಸಿದ್ದು. ಹತ್ತು ನಿಮಿಷ ಅಂತ ತಯಾರಾಗಿ ಎದ್ದು ನಿಂತವರ ಹತ್ತಿರ ಬಂದು, ಕಿವಿಯಲ್ಲಿ ‘ಮಿನಿಸ್ಟರು ಹೊರಡ್ತಾರೆ, ನಾಲ್ಕು ನಿಮಿಷದಲ್ಲಿ ಮುಗಿಸಿ’ ಅನ್ನುತ್ತಾರೆ. ಸಭೆಗಳಲ್ಲಿ ಮಾತಾಡುವ ಎಲ್ಲರಿಗೂ ಇದು ಆಗುತ್ತಲೇ ಇರುತ್ತದೆ, ಅಲ್ವಾ? ಆಗ ಹೆಚ್ಚಿನವರು ಎಲ್ಲವನ್ನೂ ಗಡಿಬಿಡಿಯಲ್ಲಿ ಹೇಳಿ, ಕೊನೆಗೆ ಮುಖ್ಯ ಮಾತನ್ನೇ ನುಂಗುತ್ತಾರೆ. ಇವರು ಕಲಿಸುವುದು ಹೀಗೆ: ಮೊದಲ ಸಾಲು ಮುಟ್ಟಬೇಡಿ, ಕೊನೆಯ ಸಾಲು ಮುಟ್ಟಬೇಡಿ. ನಡುವೆ ಮೂರು ಉದಾಹರಣೆ ಇದ್ದರೆ ಒಂದನ್ನೇ ಇಟ್ಟುಕೊಳ್ಳಿ, ಅದನ್ನು ನಿಧಾನವಾಗಿಯೇ ಹೇಳಿ. ಯಾವ ಉದಾಹರಣೆ ಹೋಗಬೇಕು ಅಂತ ಮನೆಯಲ್ಲೇ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡು ಬನ್ನಿ.

ನಮ್ಮ ಬ್ಯಾಚಿನಲ್ಲಿ ಮಾನಸಗಂಗೋತ್ರಿಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಇದ್ದರು. ಮೂರು ನಿಮಿಷದಲ್ಲಿ ತಮ್ಮ ಸಂಶೋಧನೆ ಹೇಳುವ ಸ್ಪರ್ಧೆಗೆ ತಯಾರಾಗುತ್ತಿದ್ದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ ಮಾದರಿ ಅದು. ಮೂರು ನಿಮಿಷ, ಅಲುಗಾಡದ ಒಂದೇ ಸ್ಲೈಡು. ವರ್ಷಗಟ್ಟಲೆ ಮಾಡಿದ ಕೆಲಸ ಮೂರು ನಿಮಿಷಕ್ಕೆ ಹೇಗೆ ಹಿಡಿಸುತ್ತೆ ಮೇಡಂ ಅಂತ ಅವರು ಕೇಳಿದಾಗ, ‘ಕೆಲಸ ಹಿಡಿಸೋದು ಬೇಡಮ್ಮ, ನಿನ್ನ ಪ್ರಶ್ನೆ ಹಿಡಿಸಿದರೆ ಸಾಕು’ ಅಂದರು. ಆಕೆಯ ಮಾತು ವಾರದಿಂದ ವಾರಕ್ಕೆ ಬಿಗಿಯಾಗುತ್ತಾ ಹೋಗಿದ್ದನ್ನು ನೋಡಿದ್ದೇ ನಮಗೆಲ್ಲ ಒಂದು ಪಾಠ. ಮೊದಲು ಎರಡು ನಿಮಿಷ ವಿಧಾನವನ್ನೇ ವಿವರಿಸುತ್ತಿದ್ದರು. ಕೊನೆಯ ಭಾನುವಾರ ವಿಧಾನ ಎರಡೇ ವಾಕ್ಯಕ್ಕೆ ಇಳಿದಿತ್ತು. ಉಳಿದ ಹೊತ್ತೆಲ್ಲ ‘ಇದು ಯಾಕೆ ಬೇಕು’ ಅನ್ನುವುದಕ್ಕೆ ಮೀಸಲು.

ಕೈ ಎಲ್ಲಿಡಬೇಕು, ಕಣ್ಣು ಎಲ್ಲಿ ನೋಡಬೇಕು ಅನ್ನುವುದಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಕೊಡುವುದಿಲ್ಲ. ಮಾತಿಗೆ ಕ್ರಮ ಇದ್ದರೆ ಕೈ ತಾನಾಗೇ ಸರಿಹೋಗುತ್ತೆ ಅನ್ನುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಧ್ವನಿ ಏರಿಳಿತ, ಉಸಿರಿನ ಅಭ್ಯಾಸ ಬೇಕು ಅನ್ನುವವರು ರಂಗಾಯಣದ ಕಡೆ ನಾಟಕ ಮಾಡುವವರನ್ನು ಕೇಳುವುದು ಮೇಲು.

ಪ್ರಶ್ನೋತ್ತರದ ಬಗ್ಗೆ ಒಂದು ಒಳ್ಳೆ ಕಿವಿಮಾತು ಸಿಕ್ಕಿತು. ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟು ಹಾಗೇ ಕೂತುಬಿಡಬೇಡಿ, ಕಾರ್ಡಿನ ಸಾಲನ್ನು ಇನ್ನೊಂದು ಸಲ ಹೇಳಿ ಕೂತುಕೊಳ್ಳಿ. ಯಾಕೆಂದರೆ ಕೊನೆಯ ಪ್ರಶ್ನೆ ಏನು ಬರುತ್ತೆ ಅನ್ನೋದು ನಮ್ಮ ಕೈಲಿರುವುದಿಲ್ಲ. ಅದೇ ಜಗಳದ ಪ್ರಶ್ನೆಯಾದರೆ ಜನ ಜಗಳವನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಆದರೆ ಇದರ ಅಭ್ಯಾಸ ಮಾಡಿಸಿದ್ದು ತೀರಾ ಕಡಿಮೆ. ಬ್ಯಾಂಕಿನವರ ಮುಂದೆ, ಇಲಾಖೆಯವರ ಮುಂದೆ ನಿಲ್ಲುವವರಿಗೆ ಪ್ರಶ್ನೆಯೇ ಮುಖ್ಯ. ಇದಕ್ಕೆ ಒಂದು ಪೂರ್ತಿ ಭಾನುವಾರ ಬೇಕಿತ್ತು.

ಸ್ಲೈಡುಗಳ ತರಗತಿ ಸಪ್ಪೆ. ಅದನ್ನು ಮೇಡಂ ತೆಗೆದುಕೊಳ್ಳುವುದಿಲ್ಲ, ಅವರ ಜೊತೆಗಿರುವ ಒಬ್ಬ ಹುಡುಗ ತೆಗೆದುಕೊಳ್ಳುತ್ತಾನೆ. ಅಕ್ಷರ ಹಾರಿ ಬರುವುದು, ಚಿತ್ರ ತಿರುಗುವುದು, ಇದರಲ್ಲೇ ಹೊತ್ತು ಹೋಯಿತು. ಅಮೆರಿಕದ ಉದ್ಯಮಿ, ಲೇಖಕ ಗೈ ಕವಾಸಾಕಿಯ 10-20-30 ನಿಯಮವನ್ನು, ಅಂದರೆ ಹತ್ತು ಸ್ಲೈಡು, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ ಅನ್ನುವುದನ್ನು, ಹೇಳಿದ್ದು ಉಪಯೋಗವಾಯಿತು. ಕನ್ನಡದ ಒತ್ತಕ್ಷರ ಹಿಂದಿನ ಸಾಲಿಗೆ ಕಾಣಬೇಕಾದರೆ ಇನ್ನೂ ದೊಡ್ಡದು ಬೇಕು. ಅದನ್ನು ಯಾರಾದರೂ ಪ್ರೊಜೆಕ್ಟರ್ ಹಾಕಿ ತೋರಿಸಬೇಕಿತ್ತು.

ಬ್ಯಾಚಿನಲ್ಲಿ ಇಪ್ಪತ್ತರ ಹತ್ತಿರ ಜನ. ಹಾಗಾಗಿ ಎದ್ದು ನಿಂತು ಮಾತಾಡುವ ಸರದಿ ನಿಧಾನವಾಗಿ ಬರುತ್ತದೆ. ಹನ್ನೆರಡು ಜನಕ್ಕೆ ನಿಲ್ಲಿಸಿದರೆ ಚೆನ್ನ. ಮಾತಾಡಿದ್ದನ್ನು ವಿಡಿಯೋ ಮಾಡಿ ಕಳಿಸುತ್ತೇವೆ ಅನ್ನುತ್ತಾರೆ, ಕಳಿಸುವುದು ತಡ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಫೋನ್ ಕೊಟ್ಟು ನೀವೇ ಮಾಡಿಸಿಕೊಳ್ಳಿ. ಶುಲ್ಕ 3,500 ರೂಪಾಯಿ, ವಿದ್ಯಾರ್ಥಿಗಳಿಗೆ ಕಡಿಮೆ ಇದೆ. ಕಲಿಸುವುದನ್ನು ನೋಡಿದರೆ ನನಗೆ ಇದು ದುಬಾರಿ ಅನಿಸಲಿಲ್ಲ.

ಕೆಲಸದ ಸಂದರ್ಶನಕ್ಕೆ ಇಂಗ್ಲಿಷ್ ಸುಧಾರಿಸಬೇಕು ಅನ್ನುವವರಿಗೆ ಇದು ಸರಿಹೊಂದುವುದಿಲ್ಲ. ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು, ಸಂಘ ನಡೆಸುವ ಹೆಣ್ಣುಮಕ್ಕಳು, ಪಂಚಾಯಿತಿ ಸದಸ್ಯರು, ಇಂಥವರು ಹೋಗಬೇಕು. ಊರಿನ ಜನರ ಮುಂದೆ ದಿನಾ ನಿಲ್ಲುವವರು ಅವರೇ, ಅವರಿಗೆ ಇದನ್ನು ಯಾರೂ ಕಲಿಸಿರುವುದಿಲ್ಲ.

ಮಂಡ್ಯದಿಂದ ಬರುವವರು ಬೆಳಗಿನ ರೈಲಿಗೆ ಬಂದರೆ ಸ್ಟೇಷನ್‌ನಿಂದ ಆಟೋದಲ್ಲಿ ಬೇಗ ತಲುಪಬಹುದು. ಮಹಡಿಗೆ ಶೀಟಿನ ಮಾಡು, ಮಾರ್ಚ್ ಆದಮೇಲೆ ಹನ್ನೊಂದು ಗಂಟೆಗೆಲ್ಲ ಧಗೆ ಶುರು. ಫ್ಯಾನಿನ ಸದ್ದಿಗೆ ಹಿಂದೆ ಕೂತವರಿಗೆ ಮೇಡಂ ಮಾತು ಸರಿಯಾಗಿ ಕೇಳಿಸುವುದಿಲ್ಲ. ಹತ್ತಕ್ಕೆ ಮುಂಚೆ ಹೋಗಿ ಮುಂದಿನ ಬೆಂಚು ಹಿಡಿಯಿರಿ, ನಿಮ್ಮ ವಿಷಯಕ್ಕೆ ಸಂಬಂಧಪಟ್ಟ ಕಾಗದಪತ್ರ ಜೊತೆಗಿರಲಿ. ಕಾರ್ಡು ಬರೆಸುವಾಗ ಅವರು ಒಂದೊಂದು ಅಂಕಿಯನ್ನೂ ಕೇಳುತ್ತಾರೆ.