ಶಿವಾಜಿನಗರದ ಗುಜರಿ ಅಂಗಡಿ: ಗ್ಯಾಸ್ ಟಾರ್ಚ್ ಮಾಡೋರಿಗೆ ಓಕೆನಾ?

ತಾಮ್ರದ ಪೈಪು ಬ್ರೇಜಿಂಗ್ (ಬೇರೆ ಲೋಹದ ಕಡ್ಡಿ ಕರಗಿಸಿ ಬೆಸೆಯೋದು) ಮಾಡೋಕೆ ಮನೇಲೇ ಒಂದು ಗ್ಯಾಸ್ ಟಾರ್ಚ್ ಮಾಡ್ಬೇಕಿತ್ತು, ಅದಕ್ಕೆ ಬೆಂಗಳೂರು ಶಿವಾಜಿನಗರದ ಗುಜರಿ ಸಾಲಲ್ಲಿರೋ ಒಂದು ಸಣ್ಣ ಅಂಗಡಿಗೆ ಹೋಗಿದ್ದೆ. ಹಿತ್ತಾಳೆ ಐಟಂ ಮಾತ್ರ ಸೂಪರ್ ಗುರು. ಹಳೇ ಪಂಪ್ ಸ್ಟವ್ ನಿಪ್ಪಲ್, ಬರ್ನರ್ ಜೆಟ್ಟು (ಗ್ಯಾಸ್ ಚಿಮ್ಮೋ ಸಣ್ಣ ತೂತಿನ ತುಂಡು) ಎಲ್ಲಾ ಒಂದು ಎಣ್ಣೆ ಡಬ್ಬದಲ್ಲಿ ಸುರಿದಿಟ್ಟಿದಾರೆ, ನಾವೇ ಕೈ ಹಾಕಿ ಹುಡುಕ್ಬೇಕು, ತೂತು ಕಟ್ಕೊಂಡಿದ್ಯಾ ಅಂತ ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ. ಚೌಕಾಸಿ ಮಾಡಿದ್ರೆ ಕಮ್ಮಿಗೆ ಕೊಡ್ತಾರೆ.

ಟಾರ್ಚಿನ ಉರಿ ಬರೋ ಕೊಳವೆಗೆ ಹಾಕೋ ಪೈಪ್ ವಿಷಯದಲ್ಲಿ ಹುಷಾರು. ಅಂಗಡಿಯವರು ಜಿಐ ಪೈಪೇ ಸಾಕು ಸಾರ್ ಅಂತಾರೆ, ಬೇಡ, ಅದರ ಮೇಲೆ ಇರೋದು ಸತುವಿನ ಲೇಪ, ಬಿಸಿಯಾದ್ರೆ ಬರೋ ಹೊಗೆ ಕುಡಿದ್ರೆ ಜ್ವರ ಚಳಿ ಗ್ಯಾರಂಟಿ. ಮೂಲೇಲಿ ಸ್ಟೀಲ್ ರೇಲಿಂಗ್ ತುಂಡು ಬಿದ್ದಿರತ್ತೆ, ಅದನ್ನ ಕೇಳಿ. ಜೆಟ್ ಪಕ್ಕ ಗಾಳಿ ತೂತು ಕೊರೆಯೋದು ಮರೀಬೇಡಿ, ಗ್ಯಾಸ್ ಜೋರಾಗಿ ನುಗ್ಗುವಾಗ ಗಾಳೀನ ತಾನೇ ಎಳ್ಕೊಳತ್ತೆ, ಗಾಳಿ ಸಾಲದಿದ್ರೆ ಉರಿ ಹಳದಿ, ಮಸಿ ಬೇರೆ.

ಹಳೇ ರೆಗ್ಯುಲೇಟರ್, ಹೋಸ್ ಕೂಡ ಇಟ್ಟಿದಾರೆ, ಬಿಟ್ಟಿ ಕೊಟ್ರೂ ಮುಟ್ಬೇಡಿ. ನನಗೆ ತೋರಿಸಿದ ಹೋಸ್ ಬಗ್ಗಿಸಿದ ತಕ್ಷಣ ಕೂದಲೆಳೆ ಥರ ಬಿರುಕು ಕಾಣ್ತು! ಇವೆರಡು ಐಎಸ್‌ಐ ಮಾರ್ಕ್ ಇರೋ ಹೊಸದೇ ತಗೊಳ್ಳಿ, ಮನೆ ಸ್ಟವ್ ರೆಗ್ಯುಲೇಟರ್ ಲೋ ಪ್ರೆಶರ್, ಟಾರ್ಚಿಗೆ ಆಗಲ್ಲ. ಹಚ್ಚೋ ಮುಂಚೆ ಪ್ರತಿ ಜಾಯಿಂಟಿಗೂ ಸೋಪ್ ನೀರು ಹಾಕಿ ಗುಳ್ಳೆ ಬರುತ್ತಾ ನೋಡಿ, ಹಚ್ಚೋದು ಬಯಲಲ್ಲೇ.

ಬಿಲ್ ಕೊಡಲ್ಲ, ವಾಪಸ್ ತಗೊಳಲ್ಲ, ಪಾರ್ಕಿಂಗ್ ಅಂತೂ ಕೇಳ್ಬೇಡಿ. ಹಿತ್ತಾಳೆಗೆ 5ಕ್ಕೆ 4, ರಬ್ಬರ್ ಐಟಂಗೆ ಸೊನ್ನೆ.