ತೋಳಮನುಷ್ಯನ ಸಿನಿಮಾ: ಲಂಡನ್ನಿಂದಾ, ಅರುಣಾಚಲದ್ದಾ?

ನಗಿಸ್ತಾ ಹೆದರಿಸೋದು ಬೇಕು, 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' (1981) ನೋಡ್ಲಾ ಅರುಣಾಚಲದಲ್ಲಿ ನಡೆಯೋ ಹಿಂದಿ ಸಿನಿಮಾ 'ಭೇಡಿಯಾ' (2022) ನೋಡ್ಲಾ ಅಂದ್ರಲ್ಲ, ಯಾರ ಜೊತೆ ಕೂತ್ಕೊಳ್ತೀರ ಅನ್ನೋದ್ರ ಮೇಲಿದೆ.

ಮನುಷ್ಯ ತೋಳ ಆಗೋ ಸೀನ್ ಮುಖ್ಯ ಅಂದ್ರೆ ಲಂಡನ್ನಿಂದೇ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ದೆ, ಲೈಟ್ ಉರೀತಿರೋ ರೂಮಲ್ಲೇ ಕೈ ಉದ್ದ ಆಗುತ್ತೆ, ಬೆನ್ನುಮೂಳೆ ಏಳುತ್ತೆ, ಅವನು ಕಿರುಚ್ತಾನೆ, ನೋಡೋರಿಗೇ ಮೈ ನೋಯುತ್ತೆ, ಮೇಕಪ್ ಮಾಡಿದ ರಿಕ್ ಬೇಕರ್‌ಗೆ ಇದಕ್ಕೇ ಆಸ್ಕರ್ ಬಂತು. ಭೇಡಿಯಾದ ತೋಳ ಗ್ರಾಫಿಕ್ಸಿಂದು, ಚೆನ್ನಾಗಿದೆ, ಆ ನೋವು ಮಾತ್ರ ತಟ್ಟಲ್ಲ.

ಕಾಮಿಡಿನೂ ಬೇರೆ. ಲಂಡನ್ ಸಿನಿಮಾದಲ್ಲಿ, ಸತ್ತ ಗೆಳೆಯ ಬರ್ತಾ ಬರ್ತಾ ಕೊಳೀತಾ ಬಂದು ಆರಾಮಾಗಿ ಮಾತಾಡ್ತಾನೆ, ನಗು ಬರುತ್ತೆ, ಹಿಂದೇನೇ ಸಂಕಟ, ನಕ್ಕು ಮೈ ಸಡಿಲ ಬಿಟ್ಟಾಗ್ಲೇ ಭಯ ಜೋರಾಗಿ ಹೊಡಿಯೋದು, ನಂಗೆ ಹಾರರ್ ಕಾಮಿಡಿ ಇಷ್ಟ ಆಗೋದೇ ಅದಕ್ಕೆ. ಭೇಡಿಯಾದಲ್ಲಿ ಗೆಳೆಯರ ತರಲೆ, ಜೊತೆಗೆ ರಸ್ತೆಗೋಸ್ಕರ ಕಾಡು ಕಡಿಯೋ ವಿಷ್ಯ.

ಟೈಮು? ಲಂಡನ್ನಿಂದು 97 ನಿಮಿಷ, ಭೇಡಿಯಾ ಎರಡೂವರೆ ಗಂಟೆ ಮೇಲೆ.

ಅಪ್ಪ ಅಮ್ಮ ಇದ್ರೆ ಲಂಡನ್ನಿಂದು ಬೇಡ, ಬೆತ್ತಲೆ ಸೀನು, ರಕ್ತ ಎಲ್ಲಾ ಇದೆ. ಅವರ ಜೊತೆ ಭೇಡಿಯಾ ಹಾಕಿ, ರಾತ್ರಿ ಒಬ್ರೇ ಇದ್ರೆ ಲಂಡನ್.